ಹನ್ನೊಂದನೇ ಮಂಚ – ಏಳನೇ ಕಂತು: ಕೇಳಿದ್ದಕ್ಕಷ್ಟೇ ಉತ್ತರ

"ಎಪ್ಪತ್ತೆಂಟಕ್ಕೆ ಬಂತು ಡಾಕ್ಟ್ರೇ!"

ಕೂಗಿದವಳು ಬೀಗದಕೈ ನರ್ಸ್. ವಾರ್ಡಿನ ಔಷಧಿ ಕಪಾಟುಗಳ ಕೀಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಪ್ಪತ್ತು ವರ್ಷ ಓಡಾಡಿದವಳಿಗೆ ಆ ಹೆಸರು ಬೀಳದೆ ಇನ್ನೇನು ಬೀಳಬೇಕು? ಸುಮ್ಮಸುಮ್ಮನೆ ದನಿ ಏರಿಸುವ ಹೆಂಗಸಲ್ಲ ಆಕೆ. ಹನ್ನೊಂದನೇ ಮಂಚದ ಮುದುಕಿಯ ಬಿಪಿ ಬೆಳಗಿನಿಂದ ಮೂರನೇ ಸಲ ಕುಸಿದಿತ್ತು.

ಮಂಚದ ಕಾಲದೆಸೆಯಲ್ಲಿ ನಿಂತಿದ್ದ ವೈದ್ಯೆ ತಲೆ ಎತ್ತಲಿಲ್ಲ. ವಯಸ್ಸಾದವರ ವಿಭಾಗದ ಈಕೆಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಯಾಕಮ್ಮ. ಯಾರು ಏನೇ ಹೇಳಲಿ, "ಯಾಕೆ?" ಅನ್ನದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ. ಈಗ ಅವಳ ಒಂದು ಕೈಯಲ್ಲಿ ಬಿಪಿ ಬರೆದ ಹಾಳೆ, ಇನ್ನೊಂದರಲ್ಲಿ ದಪ್ಪ ರಟ್ಟಿನ ಪುಸ್ತಕ.

"ಅಲ್ಲಾ ಡಾಕ್ಟ್ರೇ, ನಮ್ಮಮ್ಮ ಇಲ್ಲಿ ಸಾಯ್ತಾ ಇದಾರೆ, ನೀವು ಕಥೆ ಪುಸ್ತಕ ಓದ್ತಾ ನಿಂತಿದೀರಾ?"

ಗಂಟಲು ಹರಿದುಕೊಂಡವನು ಮುದುಕಿಯ ಮಗ. ಡ್ರೈವಿಂಗ್ ಸ್ಕೂಲ್ ನಡೆಸುವವನು. ದಿನವಿಡೀ "ಬ್ರೇಕು! ಬ್ರೇಕು!" ಎಂದು ಅರಚಿ ಅರಚಿ ಅವನಿಗೆ ಮೆಲ್ಲಗೆ ಮಾತನಾಡುವುದೇ ಮರೆತುಹೋಗಿತ್ತು.

"ಕಥೆ ಪುಸ್ತಕ ಅಲ್ಲ, ಗೇಟಿನವರು ಬರೆಯೋ ಸಂದರ್ಶಕರ ಪುಸ್ತಕ," ಎಂದಳು ಯಾಕಮ್ಮ. "ಒಂದು ನಿಮಿಷ ಬಾಯಿ ಮುಚ್ಕೊಂಡಿರಿ."

ಮೂರು ದಿನದ ಹಿಂದೆ ವಾರ್ಡಿನ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಇಡೀ ಆಸ್ಪತ್ರೆಗೆ ಬಾಯಿಪಾಠವಾಗಿತ್ತು: ಮುದುಕಿಯ ಒಡಹುಟ್ಟಿದ ತಂಗಿ, ಅತ್ತಿತ್ತ ನೋಡಿ, ಫ್ಲಾಸ್ಕಿನ ಹಾಲಿಗೆ ಬಿಳಿ ಪುಡಿ ಬೆರೆಸಿ ಅಕ್ಕನಿಗೆ ಕುಡಿಸಿದ್ದಳು. ಅಂದೇ ಅವಳ ಚೀಲ ಪೊಲೀಸರ ಪಾಲಾಯಿತು, ಅವಳು ವಾರ್ಡಿನಿಂದ ಹೊರಬಿದ್ದಳು. ಇವತ್ತು ಹೇಳಿಕೆ ಕೊಡಲೆಂದು ಅವಳನ್ನು ಕರೆಸಿ ಗೇಟಿನ ಪಕ್ಕದ ಭದ್ರತಾ ಕೋಣೆಯಲ್ಲಿ ಕೂರಿಸಿದ್ದರು. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಬರುತ್ತಾನೆ, ಬಂದರೆ ಬರಿಗೈಯಲ್ಲಿ ಹೋಗುವುದಿಲ್ಲ.

ಮಂಚದ ಮೇಲಿದ್ದವಳು ಟೈಪಿಸ್ಟಮ್ಮ. ಎಪ್ಪತ್ತನಾಲ್ಕು ವರ್ಷ. ಮೂವತ್ತೆಂಟು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಟೈಪು ಮಾಡಿ ನಿವೃತ್ತಳಾದವಳು. ಹನ್ನೆರಡು ದಿನದ ಹಿಂದೆ ಬಚ್ಚಲಲ್ಲಿ ಸುಮ್ಮನೆ ಕುಸಿದು ಕೂತವಳ ಮಣಿಕಟ್ಟು ಕಡ್ಡಿಯಂತೆ ಮುರಿದಿತ್ತು. ಅಷ್ಟಕ್ಕೇ ಮೂಳೆ ಮುರಿಯುತ್ತದೆಯೇ? ಯಾಕೆ? ಆ ಪ್ರಶ್ನೆ ಯಾಕಮ್ಮನ ತಲೆಯಲ್ಲಿ ಅಂದಿನಿಂದ ಕೊರೆಯುತ್ತಲೇ ಇತ್ತು.

ಅವಳು ಹಾಳೆಯನ್ನು ಪುಸ್ತಕದ ಪಕ್ಕಕ್ಕೆ ಹಿಡಿದಳು. ಮೊದಲ ನಾಲ್ಕು ದಿನ ಬಿಪಿ ದಿನದಿಂದ ದಿನಕ್ಕೆ ಇಳಿಯುತ್ತ ಹೋಗಿತ್ತು. ಐದನೇ ದಿನ ಮೇಲೆದ್ದಿತು. ಆರನೇ ದಿನ ಟೈಪಿಸ್ಟಮ್ಮ ಎದ್ದು ಕೂತು ಕನ್ನಡಕ ಕೇಳಿದ್ದಳು. ಎಂಟನೇ ದಿನ ಬೆಳಿಗ್ಗೆ ಮತ್ತೆ ತಲೆಸುತ್ತು, ಮಧ್ಯಾಹ್ನದ ಹೊತ್ತಿಗೆ ಸರಿ. ಹತ್ತರ ತನಕ ಚೆನ್ನಾಗಿದ್ದಳು. ಹನ್ನೊಂದು, ಹನ್ನೆರಡು, ಹದಿಮೂರು, ಬರೀ ಇಳಿಜಾರು.

ಪುಸ್ತಕದಲ್ಲಿ ತಂಗಿಯ ಸಹಿ ಮೊದಲು ಕಂಡದ್ದು ಐದನೇ ದಿನ. ಆಮೇಲೆ ಹತ್ತನೇ ದಿನದ ತನಕ ದಿನಾ ಇತ್ತು. ಏಳನೇ ದಿನ ಒಂದು ಇರಲಿಲ್ಲ.

ತಂಗಿ ಬಂದ ದಿನವೆಲ್ಲ ಅಕ್ಕ ಚೇತರಿಸಿಕೊಂಡಿದ್ದಾಳೆ. ಬಾರದಿದ್ದಾಗ ಮಲಗಿದ್ದಾಳೆ. ಎಂಥ ವಿಷವಪ್ಪಾ ಇದು, ಕೊಟ್ಟರೆ ಬದುಕಿಸುವುದು, ನಿಲ್ಲಿಸಿದರೆ ಕೊಲ್ಲುವುದು?

"ಏನಾಯ್ತು, ಪುಸ್ತಕ ಓದಿ ಮುಗೀತಾ?"

ಬಾಗಿಲಲ್ಲಿ ದೊಡ್ಡ ಡಾಕ್ಟರು. ವಾರ್ಡಿನ ಮುಖ್ಯಸ್ಥ. ಯಾಕಮ್ಮನನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಅವರು ಬರೆದ ರೋಗದ ಹೆಸರನ್ನು ಅವಳು ಎರಡು ಸಲ ಹೊಡೆದುಹಾಕಿದ್ದಳು. ಎರಡು ಸಲವೂ ಅವಳೇ ಸರಿ ಇದ್ದದ್ದು ಅವರ ಹೊಟ್ಟೆಯುರಿಗೆ ತುಪ್ಪ ಸುರಿದಿತ್ತು.

"ರಕ್ತದಲ್ಲಿ ವಿಷ ಸಿಕ್ತಾ ಸರ್?"

"ಸಿಗಲಿಲ್ಲ. ಸಿಗದ ವಿಷಾನೂ ಇರ್ತವೆ. ಅದರ ಮೇಲೆ ಸೋಂಕು ಸೇರ್ಕೊಂಡಿದೆ. ಡ್ರಿಪ್ ಜಾಸ್ತಿ ಮಾಡಿ, ದೇವರ ಮೇಲೆ ಭಾರ ಹಾಕಿ."

"ಮೂರು ದಿನದಿಂದ ಜಾಸ್ತಿ ಮಾಡ್ತಾನೇ ಇದೀವಿ. ಒತ್ತಡ ಏರ್ತಿಲ್ಲ. ಯಾಕೆ?"

"ಶುರು ಆಯ್ತು ನೋಡಿ," ಎಂದು ದೊಡ್ಡ ಡಾಕ್ಟರು ಮಗನ ಕಡೆ ತಿರುಗಿ ಕೈ ಚೆಲ್ಲಿದರು.

ಯಾಕಮ್ಮ ಮಂಚದ ಪಕ್ಕಕ್ಕೆ ಬಂದು ಟೈಪಿಸ್ಟಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಗುಂಡಗೆ ತುಂಬಿದ ಮುಖ, ಆದರೆ ಸೊರಗಿ ಕಡ್ಡಿಯಾದ ತೋಳು. ಕತ್ತಿನ ಹಿಂದೆ ಸಣ್ಣ ದಿಬ್ಬದಂತೆ ಕೊಬ್ಬು. ಬಿಪಿ ಪಟ್ಟಿ ಸುತ್ತಿದ ಕಡೆಯೆಲ್ಲ ನೀಲಿ ಕಲೆ, ಈರುಳ್ಳಿ ಸಿಪ್ಪೆಯಷ್ಟು ತೆಳು ಚರ್ಮ.

"ಅಮ್ಮನ ಮುಖ ಮುಂಚಿನಿಂದ ಹೀಗೇನಾ?"

"ಇಲ್ಲ. ಎರಡು ಮೂರು ವರ್ಷದಿಂದ ತುಂಬ್ಕೊಂಡಿದಾರೆ. ಚೆನ್ನಾಗಿ ಉಣ್ತಿದಾರೆ ಅಂತ ನಾವೂ ಖುಷಿಯಾಗಿದ್ವಿ," ಎಂದ ಮಗ. ತಕ್ಷಣವೇ ಮುಖ ಗಂಟಿಕ್ಕಿಕೊಂಡ. "ಅದಕ್ಕೂ ಇದಕ್ಕೂ ಏನು ಸಂಬಂಧ?"

"ಬಂದು ಹೇಳ್ತೀನಿ." ಬಾಗಿಲ ಹತ್ತಿರ ನಿಂತು ನರ್ಸಿಗೆ ಹೇಳಿದಳು: "ಎಪ್ಪತ್ತಕ್ಕಿಂತ ಕೆಳಗೆ ಹೋದ್ರೆ ನನಗೆ ಫೋನ್ ಮಾಡಿ. ಬೇರೆ ಯಾರಿಗೂ ಅಲ್ಲ."

*

ಭದ್ರತಾ ಕೋಣೆ ಎಂದರೆ ನಾಲ್ಕು ಟೀವಿ ಪರದೆ, ಒಂದು ಮೇಜು, ಯಾರೋ ಬಿಟ್ಟುಹೋದ ಕೊಡೆಗಳ ರಾಶಿ. ಮೇಜಿನ ಮೇಲೆ ಎರಡೂ ಮೊಣಕೈ ಊರಿ ಕೂತಿದ್ದಳು ತಂಗಿ. ಅರವತ್ತೆಂಟು ವರ್ಷ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಹೆಬ್ಬೆರಳು ಸವೆದುಹೋದವಳು. ಬಾಗಿಲ ಹೊರಗೆ ಕಾವಲುಗಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

"ಬಂದ್ರಾ? ಬನ್ನಿ. ಇನ್ನೂ ಯಾವುದಕ್ಕೆ ಸಹಿ ಹಾಕೋದು ಬಾಕಿ ಇದೆ?" ಎಂದಳು ತಂಗಿ.

ಆ ಮಾತು ಚುಚ್ಚಬೇಕಾದ ಕಡೆಯೇ ಚುಚ್ಚಿತು. ಇವಳನ್ನು ವಾರ್ಡಿನೊಳಗೆ ಬಿಡಬಾರದೆಂಬ ಆದೇಶಕ್ಕೆ ಸಹಿ ಹಾಕಿದವಳು ದೊಡ್ಡ ಡಾಕ್ಟರಲ್ಲ, ಯಾಕಮ್ಮನೇ.

"ಹಾಲಿಗೆ ಹಾಕ್ತಿದ್ದದ್ದು ಏನು?"

"ಪೊಲೀಸಿಗೆ ಹೇಳ್ತೀನಿ."

"ಪೊಲೀಸ್ ಬರೋದು ನಾಲ್ಕಕ್ಕೆ. ನಿಮ್ಮಕ್ಕ ಅಷ್ಟು ಹೊತ್ತು ಕಾಯೋ ಸ್ಥಿತೀಲಿಲ್ಲ."

ತಂಗಿ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಗಟಗಟ ಕುಡಿದಳು. ಅರ್ಧ ನೀರು ಕತ್ತಿನ ಮೇಲೆ ಚೆಲ್ಲಿತು.

"ನೋಡಿ, ನನಗೆ ನಿಮ್ಮ ಹತ್ತಿರ ರಾಜಿ ಮಾಡೋಕೆ ಟೈಮಿಲ್ಲ," ಎಂದಳು ಯಾಕಮ್ಮ.

"ಮೂರು ದಿನದ ಹಿಂದೆ ಇತ್ತಾ? ನಿಮ್ಮ ಕಾಲಿಗೆ ಬಿದ್ದೆ. ಒಂದೇ ಒಂದು ಸಲ ಒಳಗೆ ಬಿಡಿ, ಅಕ್ಕನಿಗೆ ಹಾಲು ಕುಡಿಸಿ ಬರ್ತೀನಿ ಅಂದೆ. ಕಣ್ಣೆತ್ತಿ ನೋಡಿದ್ರಾ? ಪುಟಕ್ಕೆ ಸಹಿ ಹಾಕಿ ನಡೆದ್ರಿ. ಈಗ ಬಂದು ಬಿಟ್ಟಿದೀರಿ ದೊಡ್ಡದಾಗಿ!"

"ಹೌದು, ತಪ್ಪು ಮಾಡಿದೆ."

ತಂಗಿ ಬೆಚ್ಚಿ ನೋಡಿದಳು. ಡಾಕ್ಟರ ಬಾಯಲ್ಲಿ ಆ ಮಾತು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ಯಾಕಮ್ಮ ಪುಸ್ತಕವನ್ನು ಬಿಚ್ಚಿ ಮೇಜಿನ ಮೇಲೆ ತಳ್ಳಿದಳು. "ನೀವು ಬಂದಾಗಲೆಲ್ಲ ಅವರು ಎದ್ದು ಕೂತಿದಾರೆ. ಏಳನೇ ದಿನ ಬರಲಿಲ್ಲ. ಯಾಕೆ?"

"ಮನೇಲಿ ನಲ್ಲಿ ಒಡೆದು ನೀರು ನುಗ್ಗಿತ್ತು."

"ಮಾರನೇ ದಿನ ಬೆಳಿಗ್ಗೆ ಅವರಿಗೆ ತಲೆಸುತ್ತು. ನೀವು ಬಂದ್ರಿ, ಸರಿಹೋಯ್ತು. ಊದಿದ ಮುಖ, ತೆಳು ಚರ್ಮ, ಮುರಿದ ಮೂಳೆ. ಅದು ಈ ವಯಸ್ಸಿನೋರಿಗೆ ಮಂಡಿ ನೋವಿಗೆ ಅಂತ ಮಾರೋ ಪುಡಿ, ಅಲ್ವಾ?"

ತಂಗಿಯ ಕಣ್ಣು ಪುಸ್ತಕ ಬಿಟ್ಟು ಏಳಲಿಲ್ಲ.

"ಮೊದಲ ಪೊಟ್ಟಣಕ್ಕೇ ನೋವು ಮಾಯ ಆಯ್ತಾ?"

"ಮಾಯ ಅಂದ್ರೆ..." ಕೊನೆಗೂ ಬಾಯಿ ಸಡಿಲವಾಯಿತು. "ಹಾಸಿಗೆ ಹಿಡಿದಿದ್ದೋಳು ಮಾರನೇ ದಿನ ಮೆಟ್ಟಿಲು ಹತ್ತಿ ಮಹಡಿಗೆ ಹೋಗಿ ಬಟ್ಟೆ ಒಣಗಿಸಿ ಬಂದ್ಳು. ನಾಲ್ಕು ವರ್ಷ ಆಯ್ತು. ಮಗನಿಗೆ ಹೇಳಿದ್ರೆ ಕಿತ್ತು ಎಸೀತಾನೆ ಅಂತ ಮುಚ್ಚಿಟ್ಟಿದ್ವಿ."

ನಾಲ್ಕು ವರ್ಷ! ರಾತ್ರಿ ಬೆಳಗಾಗುವುದರೊಳಗೆ ಮಂಡಿ ನೋವು ಓಡಿಸುವ ಬೇರು ಸೊಪ್ಪು ಯಾವುದೂ ಇಲ್ಲ. ಅದು ಸ್ಟೀರಾಯ್ಡ್. ಪುಡಿ ಮಾಡಿ, ಕಾಗದದಲ್ಲಿ ಮಡಿಚಿ, ಔಷಧಿಯೆಂದು ಮಾರುವ ಕಳ್ಳರ ಹಳೆಯ ಕಸುಬು. ಯಾಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಹೆಚ್ಚಾಗಿ ತನ್ನ ಮೇಲೆಯೇ.

"ಅಡ್ಮಿಟ್ ಆದ ದಿನ ನಾನೇ ಕೂತು ಕೇಳಿದ್ನಲ್ರೀ ನಿಮ್ಮಕ್ಕನ್ನ! ಯಾವ ಮಾತ್ರೆ ತಗೊಳ್ತೀರಿ ಅಂದೆ, ಯಾವುದೂ ಇಲ್ಲ ಅಂದ್ರು. ಇಂಜೆಕ್ಷನ್ ಅಂದೆ, ಇಲ್ಲ. ಸಿರಪ್ಪು ಅಂದೆ, ಇಲ್ಲ. ಸುಳ್ಳು ಯಾಕೆ ಹೇಳಿದ್ರು?"

ತಂಗಿ ನಕ್ಕಳು. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು.

"ನಮ್ಮಕ್ಕ ಸುಳ್ಳು ಹೇಳಿದ್ಲಾ? ನೀವು ಮಾತ್ರೆ ಅಂತ ಕೇಳಿದ್ರಿ. ಪುಡಿ ಅಂತ ಕೇಳಿದ್ರಾ? ಮೂವತ್ತೆಂಟು ವರ್ಷ ಕೋರ್ಟಲ್ಲಿ ಕೂತೋಳು ಅವಳು. ಕೇಳಿದ್ದಕ್ಕಷ್ಟೇ ಉತ್ತರ. ಒಂದಕ್ಷರ ಹೆಚ್ಚು ಹೇಳಿದ್ರೆ ಎದುರು ವಕೀಲ ಅದನ್ನೇ ಹಿಡ್ಕೊಂಡು ಜಗ್ತಾನೆ ಅಂತ ಮನೇಲೂ ಹಾಗೇ. ಹಸಿವಾಗಿದ್ಯಾ ಅಂದ್ರೆ ಹೌದು ಅಂತಾಳೆ. ಊಟಕ್ಕೆ ಹಾಕ್ಲಾ ಅಂತ ಬೇರೆ ಕೇಳ್ಬೇಕು."

ಆಸ್ಪತ್ರೆಯ ನಮೂನೆಯಲ್ಲಿ ಮೂರು ಕಾಲಂ ಇದ್ದವು, ಮೂರೂ ಪ್ರಶ್ನೆ ಕೇಳಿದ್ದಳು. ಊರಿಗೆಲ್ಲ ಯಾಕೆ ಯಾಕೆ ಎಂದು ತಲೆ ತಿನ್ನುವವಳು, "ಮತ್ತಿನ್ನೇನಾದ್ರೂ?" ಎಂಬ ಒಂದೇ ಒಂದು ಮಾತು ಕೇಳಿರಲಿಲ್ಲ.

"ಪುಡಿ ಕೊಟ್ಟೋರು ಯಾರು?"

ತಂಗಿ ಪುಸ್ತಕವನ್ನು ಹಿಂದಕ್ಕೆ ತಳ್ಳಿದಳು.

"ಅದೊಂದು ಕೇಳ್ಬೇಡಿ. ಹೆಸರು ಹೊರಗೆ ಬಂದ್ರೆ ಇನ್ಮುಂದೆ ಪೊಟ್ಟಣ ಇಲ್ಲ ಅಂತ ಮೊದಲೇ ಹೇಳಿದಾರೆ."

"ಅಯ್ಯೋ ನಿಮ್ಮ! ಇಷ್ಟಾದ ಮೇಲೂ ಇನ್ನೂ ಪೊಟ್ಟಣ ಬೇಕಾ ನಿಮಗೆ?"

"ಬೇಕು," ಎಂದಳು ತಂಗಿ, ಮೇಜಿನ ಅಂಚು ಹಿಡಿದುಕೊಂಡು.

ಯಾಕೆ ಎಂದು ಕೇಳಬೇಕಾದ ಜಾಗ ಅದು. ಕೇಳುವಷ್ಟರಲ್ಲಿ ಯಾಕಮ್ಮನ ಫೋನು ಬಡಿದುಕೊಂಡಿತು. ಬೀಗದಕೈ ನರ್ಸಿನ ದನಿ: "ಅರವತ್ತಾರು."

ಯಾಕಮ್ಮ ಪುಸ್ತಕವನ್ನೂ ಅಲ್ಲೇ ಬಿಟ್ಟು ಓಡಿದಳು.

*

"ಹೈಡ್ರೊಕಾರ್ಟಿಸೋನ್, ನೂರು ಮಿಲಿಗ್ರಾಂ, ನೇರ ರಕ್ತನಾಳಕ್ಕೆ," ಎಂದು ಏದುಸಿರು ಬಿಡುತ್ತ ಹೇಳಿದಳು. "ಅದಕ್ಕೆ ಮುಂಚೆ ಒಂದು ಸೀಸೆ ರಕ್ತ ತೆಗೆದಿಡಿ."

"ನಿಲ್ಸಿ!" ದೊಡ್ಡ ಡಾಕ್ಟರು ಮಂಚಕ್ಕೂ ಅವಳಿಗೂ ನಡುವೆ ಬಂದು ನಿಂತರು. "ಸೋಂಕು ಇರೋ ದೇಹಕ್ಕೆ ಸ್ಟೀರಾಯ್ಡ್ ಕೊಡ್ತೀರಾ? ಸಂಜೆಗೆ ಹೆಣ ಬೀಳುತ್ತೆ."

"ಕೊಡದಿದ್ರೆ ಸಂಜೆ ತನಕ ಕಾಯೋದೂ ಬೇಡ."

"ಯಾರು ಹೇಳಿದ್ರು ನಿಮಗೆ? ಆ ವಿಷ ಹಾಕಿದೋಳಾ?"

"ಹೌದು, ಅವರೇ. ಅವರು ಹಾಕ್ತಿದ್ದದ್ದು ವಿಷ ಅಲ್ಲ ಸರ್. ನಾವು ಅದನ್ನ ನಿಲ್ಲಿಸಿದ್ದೇ ವಿಷ ಆಗಿದ್ದು."

"ರಕ್ತದ ರಿಪೋರ್ಟ್ ಬರಲಿ. ಆಮೇಲೆ ನೋಡೋಣ."

"ರಿಪೋರ್ಟ್ ನಾಳೆ ಮಧ್ಯಾಹ್ನ ಬರುತ್ತೆ. ಅಷ್ಟೊತ್ತಿಗೆ ಅದನ್ನ ಓದಿ ಯಾರಿಗೆ ಔಷಧಿ ಕೊಡ್ತೀರಿ?"

"ಇದು ನನ್ನ ವಾರ್ಡು!"

"ವಾರ್ಡು ನಿಮ್ಮದೇ ಇಟ್ಕೊಳ್ಳಿ. ನನಗೆ ಈ ಮಂಚ ಒಂದು ಬಿಡಿ."

ಮಗ ಇಬ್ಬರನ್ನೂ ತಿರುಗಿ ತಿರುಗಿ ನೋಡುತ್ತಿದ್ದ. ಮುಷ್ಟಿ ಬಿಗಿದಿತ್ತು. ಯಾರಿಗೆ ಹೊಡೆಯಬೇಕೆಂದು ಗೊತ್ತಾಗದೆ ಒದ್ದಾಡುತ್ತಿದ್ದ.

"ಮನೆಯವರು ಒಪ್ಪಲ್ಲ," ಎಂದರು ದೊಡ್ಡ ಡಾಕ್ಟರು. "ಹೇಳ್ರೀ, ಒಪ್ತೀರಾ?"

ಯಾಕಮ್ಮ ಮಗನ ಎದುರು ಬಂದು ನಿಂತಳು. "ನಿಮ್ಮ ಸ್ಕೂಲಿನ ಕಾರಲ್ಲಿ ನಿಮ್ಮ ಕಾಲ ಹತ್ತಿರಾನೂ ಒಂದು ಬ್ರೇಕ್ ಇರುತ್ತಲ್ವಾ?"

"ಇರುತ್ತೆ. ಈಗ ಅದ್ಯಾಕೆ?"

"ಕಲಿಯೋನು ಒತ್ತೋಕೆ ಮುಂಚೇನೇ ದಿನಾ ನೀವೇ ಒತ್ತುತ್ತಾ ಹೋದ್ರೆ ಏನಾಗುತ್ತೆ?"

"ಅವನು ಒತ್ತೋದೇ ಬಿಟ್ಟುಬಿಡ್ತಾನೆ."

"ನಾಲ್ಕು ವರ್ಷ ಹಾಗೆ ಮಾಡಿ, ಒಂದಿನ ನೀವು ಕಾರಿಂದ ಇಳಿದುಬಿಟ್ರೆ?"

ಮಗನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.

"ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಎರಡು ಪುಟ್ಟ ಗ್ರಂಥಿ ಇವೆ. ಬಿಪಿ ಬೀಳದ ಹಾಗೆ ಹಿಡಿಯೋ ರಸ ಅದರಿಂದ ಬರ್ಬೇಕು. ನಾಲ್ಕು ವರ್ಷ ಅದೇ ರಸ ಪುಡಿಯಲ್ಲಿ ಹೊರಗಿಂದ ಬಂತು, ಗ್ರಂಥಿ ನಿದ್ದೆ ಹೋಯ್ತು. ಮೂರು ದಿನದ ಹಿಂದೆ ನಾವು ಪುಡೀನೂ ಕಿತ್ಕೊಂಡ್ವಿ. ನಿಮ್ಮಮ್ಮನ ಕಾರು ಈಗ ಬ್ರೇಕಿಲ್ದೆ ಇಳಿಜಾರಲ್ಲಿದೆ. ನಾನು ಕೊಡೋದು ಅದೇ ರಸ, ಅಷ್ಟೇ."

"ನೀವು ಹೇಳಿದ್ದು ತಪ್ಪಾದ್ರೆ?"

"ತಪ್ಪಾದ್ರೆ ಅಮ್ಮ ಉಳಿಯಲ್ಲ," ಎಂದಳು ಯಾಕಮ್ಮ. ಬೆಣ್ಣೆ ಹಚ್ಚಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

ಮಗನ ಕಣ್ಣು ಕೆಂಪಾಗಿತ್ತು. "ಕೊಡಿ," ಎಂದ. "ಆದ್ರೆ ಅಮ್ಮನಿಗೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

"ಬಿಡ್ಬೇಡಿ."

"ಇದರಲ್ಲಿ ನನ್ನ ಕೈಯಿಲ್ಲ ಅಂತ ಬರೆದು ಸಹಿ ಹಾಕಿ!" ಎಂದರು ದೊಡ್ಡ ಡಾಕ್ಟರು. ಯಾಕಮ್ಮ ಗೋಡೆಗೆ ಹಾಳೆ ಒತ್ತಿ ಹಿಡಿದು ಗೀಚಿ ಕೊಟ್ಟಳು. ಅಷ್ಟರಲ್ಲಿ ಸೊಂಟದ ಗೊಂಚಲು ಝಣಗುಟ್ಟಿ ಕಪಾಟು ತೆರೆದಾಗಿತ್ತು. ನರ್ಸ್ ಯಾರ ಮುಖವನ್ನೂ ನೋಡದೆ ಔಷಧಿಯನ್ನು ಸಿರಿಂಜಿಗೆ ಎಳೆಯುತ್ತಿದ್ದಳು.

ಹನ್ನೆರಡೂ ಮುಕ್ಕಾಲಿಗೆ ಸೂಜಿ ಒಳಹೋಯಿತು.

ಒಂದು ಗಂಟೆಗೆ ಅರವತ್ತೆಂಟು. ದೊಡ್ಡ ಡಾಕ್ಟರು ಕಿಟಕಿ ಹತ್ತಿರ ನಿಂತು ಬೇಕೆಂದೇ ಗಡಿಯಾರ ನೋಡಿಕೊಂಡರು. ಒಂದೂವರೆಗೆ ಎಪ್ಪತ್ತನಾಲ್ಕು. ಮಗ ಮಂಚದ ಸರಳು ಹಿಡಿದು ನಿಂತವನು ಕದಲಲಿಲ್ಲ. ಯಾಕಮ್ಮ ಮತ್ತೊಮ್ಮೆ ನಾಡಿ ಹಿಡಿದು ಎಣಿಸಿದಳು. ತಾನು ತಪ್ಪಿದ್ದರೆ? ಹೊರಗೆ ಕೂತ ಆ ಹೆಂಗಸಿನ ಮೇಲೆ ಕೊಲೆಯ ಗೂಬೆ ಕೂರುತ್ತದೆ, ಕೊಂದ ಕೈ ಮಾತ್ರ ತನ್ನದಾಗಿರುತ್ತದೆ.

ಎರಡು ಗಂಟೆಗೆ ಎಂಬತ್ತೆಂಟು. ಎರಡೂ ಇಪ್ಪತ್ತಕ್ಕೆ ನರ್ಸ್ ಪರದೆಯನ್ನು ಒಮ್ಮೆ ನೋಡಿ, ನಂಬಿಕೆ ಸಾಲದೆ ಕೈಯಾರೆ ಪಟ್ಟಿ ಸುತ್ತಿ ಅಳೆದಳು.

"ನೂರಾ ನಾಲ್ಕು," ಎಂದಳು.

ದೊಡ್ಡ ಡಾಕ್ಟರು ಹೊರಟುಹೋದರು.

ಟೈಪಿಸ್ಟಮ್ಮನ ಕಣ್ಣು ಮೊದಲು ಚಾವಣಿ ಹುಡುಕಿತು, ಆಮೇಲೆ ಮಗನನ್ನು. ಡ್ರೈವಿಂಗ್ ಸ್ಕೂಲಿನ ಆ ಗಟ್ಟಿ ಗಂಟಲು ಮಗುವಿನಂತೆ ಅಳತೊಡಗಿತು.

"ಅಮ್ಮಾ, ಹೇಗಿದೀಯಾ?"

"ಮಲಗಿದೀನಿ."

ಯಾಕಮ್ಮನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕುರ್ಚಿ ಎಳೆದುಕೊಂಡು ಮುದುಕಿಯ ಕಿವಿಯ ಹತ್ತಿರ ಕೂತಳು. ಈ ಸಲ ಪ್ರಶ್ನೆಯಲ್ಲಿ ಒಂದು ಸಂದಿಯೂ ಬಿಡಬಾರದು.

"ಅಮ್ಮಾ, ಮಾತ್ರೆ ಅಲ್ಲ, ಇಂಜೆಕ್ಷನ್ ಅಲ್ಲ, ಸಿರಪ್ಪೂ ಅಲ್ಲ. ಅದು ಬಿಟ್ಟು ನೋವಿಗೆ ಅಂತ ಬಾಯಿಗೆ ಏನೇನು ಹಾಕ್ಕೊಳ್ತಿದ್ರಿ?"

"ಪುಡಿ. ದಿನಕ್ಕೊಂದು ಪೊಟ್ಟಣ. ಹಾಲಿನ ಜೊತೆ."

"ತಂದುಕೊಡ್ತಿದ್ದದ್ದು ಯಾರು?"

"ನನ್ನ ತಂಗಿ."

"ತಂಗಿಗೆ ಕೊಡ್ತಿದ್ದದ್ದು ಯಾರು?"

"ನಾನು ಕಣ್ಣಾರೆ ನೋಡಿಲ್ಲ."

"ನೋಡದಿದ್ರೂ ಗೊತ್ತಿರಬಹುದಲ್ಲಮ್ಮ?" ಎಂದ ಮಗ, ತಡೆಯಲಾರದೆ.

"ನೋಡದ್ದನ್ನ ಹೇಳಬಾರದು," ಎಂದಳು ಟೈಪಿಸ್ಟಮ್ಮ. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೂ ದನಿ ಕಡ್ಡಿ ಮುರಿದಂತಿತ್ತು.

ಯಾಕಮ್ಮ ಪ್ರಶ್ನೆ ಬದಲಿಸಿದಳು. "ಆ ಪುಡಿ ಮನೇಲಿ ಬೇರೆ ಯಾರು ತಗೊಳ್ತಾರೆ?"

"ಅವಳೂ ತಗೊಳ್ತಾಳೆ. ದಿನಕ್ಕೆ ಎರಡು. ಇಬ್ಬರಿಗೂ ಒಂದೇ ಚೀಲ."

ಕುರ್ಚಿ ಹಿಂದಕ್ಕೆ ಬಿತ್ತು. 'ಬೇಕು' ಎಂದು ಮೇಜಿನ ಅಂಚು ಹಿಡಿದ ಆ ಕೈ, ಕತ್ತಿನ ಮೇಲೆ ಚೆಲ್ಲಿದ ನೀರು, ಎಲ್ಲ ಕಣ್ಣೆದುರೇ ಇತ್ತು. ಅದನ್ನೆಲ್ಲ ತಾನು ದುಃಖ ಎಂದುಕೊಂಡಿದ್ದಳಲ್ಲ, ಮಂಕುದಿಣ್ಣೆ! ಚೀಲ ಪೊಲೀಸರ ಪಾಲಾಗಿ ಮೂರು ದಿನ. ಅಕ್ಕನ ಎರಡರಷ್ಟು ತಿನ್ನುತ್ತಿದ್ದವಳು ಆ ಕೋಣೆಯಲ್ಲಿ ಬರೀ ನೀರು ಕುಡಿದು ಕೂತಿದ್ದಾಳೆ.

"ಇನ್ನೊಂದು ಡೋಸ್ ತಗೊಂಡು ನನ್ನ ಹಿಂದೆ ಬನ್ನಿ!" ಎಂದು ನರ್ಸಿಗೆ ಕೂಗಿ ಓಡಿದಳು. ಮಗನೂ ಬೆನ್ನಿಗೆ ಬಿದ್ದ. "ಚಿಕ್ಕಮ್ಮನ ಕಾಲು ಹಿಡ್ಕೊಳ್ತೀನಿ ಡಾಕ್ಟ್ರೇ. ಬಾಯಿಗೆ ಬಂದ ಹಾಗೆ ಬೈದುಬಿಟ್ಟಿದೀನಿ," ಎನ್ನುತ್ತಲೇ ಮೆಟ್ಟಿಲಿಳಿದ.

ಭದ್ರತಾ ಕೋಣೆಯಲ್ಲಿ ಸಂದರ್ಶಕರ ಪುಸ್ತಕ ಬಿಟ್ಟ ಜಾಗದಲ್ಲೇ ಇತ್ತು. ಕುರ್ಚಿ ಖಾಲಿ.

"ಅವರಾ? ಹೋದ್ರಲ್ಲ," ಎಂದ ಕಾವಲುಗಾರ. "ಕಾಲು ಗಂಟೆ ಆಯ್ತು. ಪಾಪ, ಎದ್ದು ನಿಲ್ಲೋಕೂ ಆಗ್ತಿರಲಿಲ್ಲ, ಇಲ್ಲೇ ಎರಡು ಸಲ ವಾಂತಿ ಮಾಡ್ಕೊಂಡ್ರು. ಬೇರೆ ಆಸ್ಪತ್ರೆಗೆ ತೋರಿಸ್ತೀನಿ ಅಂತ ಮಗ ಬಂದು ಕರ್ಕೊಂಡು ಹೋದ್ರು."

"ಪೊಲೀಸ್ ಬರೋಕೆ ಮುಂಚೆ ಯಾಕ್ರೀ ಬಿಟ್ರಿ?"

"ಅಲ್ಲ ಡಾಕ್ಟ್ರೇ, ಹೆತ್ತ ಮಗ ಬಂದು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?"

ಯಾಕಮ್ಮ ಡ್ರೈವಿಂಗ್ ಸ್ಕೂಲಿನವನ ಕಡೆ ತಿರುಗಿದಳು. ಅವನ ಮುಖ ಸುಣ್ಣದಂತಾಗಿತ್ತು.

"ಯಾವ ಮಗ?" ಎಂದ. "ನಮ್ಮ ಚಿಕ್ಕಮ್ಮನಿಗೆ ಮದುವೇನೇ ಆಗಿಲ್ಲ."

ಕಾವಲುಗಾರ ತಡವರಿಸುತ್ತ ಪರದೆಯನ್ನು ಹಿಂದಕ್ಕೆ ಓಡಿಸಿದ. ಗೇಟಿನ ಕ್ಯಾಮೆರಾ. ಉದ್ದ ತೋಳಿನ ಅಂಗಿಯ ಒಬ್ಬ ಗಂಡಸು, ಮುಖ ಅತ್ತ ಕಡೆ, ತಂಗಿಯ ರಟ್ಟೆ ಹಿಡಿದು ನಡೆಸುತ್ತಿದ್ದ. ಅವಳೇನೂ ಕೊಸರಾಡುತ್ತಿರಲಿಲ್ಲ. ಗೇಟಿನ ಹತ್ತಿರ ಬಂದಾಗ ಅವಳು ನಿಂತಳು. ನಿಂತು ಅವನ ಮುಂದೆ ಅಂಗೈ ಚಾಚಿದಳು.

ಅವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಅವಳ ಕಣ್ಣೆದುರು ಹಿಡಿದ. ಅವಳ ಕೈ ಅದರ ಕಡೆ ಚಾಚಿತು. ಅವನು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು, ತಲೆ ಅಲ್ಲಾಡಿಸಿ, ರಸ್ತೆಯ ಕಡೆ ಕೈ ತೋರಿಸಿದ.

ತಂಗಿ ಅವನ ಹಿಂದೆ ಗೇಟು ದಾಟಿದಳು.